ಹೆಸರಿಲ್ಲದ ಕುಲುಮೆಯ ಕತ್ತಿ: ಮೊದಲು ಅಲಗು ನೋಡಿ, ಆಮೇಲೆ ಬೆಳ್ಳಿ ನೋಡಿ!

ಮಡಿಕೇರಿ ಪೇಟೆಯಲ್ಲಿ ಯಾವುದಾದರೂ ಒಂದು ಉಡುಗೊರೆ ಅಂಗಡಿಗೆ ಹೋಗಿ ನಿಂತುಕೊಳ್ಳಿ. ಏಲಕ್ಕಿ, ಕಾಫಿ ಪುಡಿ, ಜೇನಿನ ಬಾಟಲಿಗಳ ಪಕ್ಕದ ಗಾಜಿನ ಕಪಾಟಿನಲ್ಲಿ ಒಂದು ಪೀಚೆಕತ್ತಿ ಪಳಪಳ ಅಂತಿರುತ್ತೆ. "ಇದನ್ನು ಮಾಡಿದ್ದು ಯಾರು ಸ್ವಾಮೀ?" ಅಂತ ಕೇಳಿ ನೋಡಿ. "ಕೂರ್ಗ್ ಐಟಂ ಸಾರ್, ಒರಿಜಿನಲ್!" ಅನ್ನೋ ಉತ್ತರ ಬಂದೀತು. ಊರಿನ ಹೆಸರು ಸಿಕ್ಕಿತು, ಜಾತಿಯ ಹೆಸರೂ ಸಿಕ್ಕೀತು, ಆದರೆ ಆಸಾಮಿಯ ಹೆಸರು ಮಾತ್ರ ಇಲ್ಲ.

ಸೀರೆ ಕೊಂಡರೆ ಮಗ್ಗದ ಊರು ಕೇಳುತ್ತೇವೆ. ಒಡವೆ ಕೊಂಡರೆ ಅಕ್ಕಸಾಲಿಯ ಗುರುತು ನೋಡುತ್ತೇವೆ. ಕತ್ತಿ ಕೊಂಡರೆ? ಕುಲುಮೆಯ ಮುಂದೆ ಬೆವರು ಸುರಿಸಿದವನ ವಿಳಾಸ ನಮಗೆ ಬೇಡ! ಇದು ಇಂದು ನೆನ್ನೆಯ ಕಥೆಯೂ ಅಲ್ಲ. 1880ರಲ್ಲಿ ಎಗರ್ಟನ್ ಎಂಬ ಇಂಗ್ಲಿಷ್ ದೊರೆ ಭಾರತದ ಆಯುಧಗಳ ದೊಡ್ಡ ಪಟ್ಟಿ ಅಚ್ಚು ಹಾಕಿಸಿದ. ಅದರಲ್ಲಿ ನಮ್ಮ ಕೊಡಗಿನ ಆಯುಧ ಕತ್ತಿಗೂ ಜಾಗ ಸಿಕ್ಕಿದೆ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯಕ್ಕೆ 1935ರಲ್ಲಿ ಸ್ಟೋನ್ ಎಂಬ ಸಂಗ್ರಾಹಕ ಬಿಟ್ಟುಹೋದ ಆಯುಧಗಳ ರಾಶಿಯಲ್ಲಿ ಪೀಚೆಕತ್ತಿಯ ಜಾತಿಯದೂ ಸೇರಿದೆ. ಇಂಥ ಕತ್ತಿಗಳ ಚೀಟಿ ಮೇಲೆ ಬರೆಯೋದು ಊರು, ಕಾಲ, ಅಳತೆ. ಹೊಡೆದವನ ಹೆಸರಿನ ಜಾಗ ಖಾಲಿ.

ಈಗ ಕೈಕತ್ತಿ ಸಂಗ್ರಹಿಸುವ ಗೀಳು ನಮ್ಮ ಕಡೆಯ ಹುಡುಗರಿಗೂ ಹತ್ತುತ್ತಿದೆ. ಮಡಚುವ ಚಾಕು ಅಲ್ಲ. ಅಲಗು, ಬಾಲ ಎರಡೂ ಒಂದೇ ಕಬ್ಬಿಣದಲ್ಲಿ ಎಳೆದು, ಬಾಲವನ್ನು ಹಿಡಿಯೊಳಗೆ ಗಟ್ಟಿಯಾಗಿ ಕೂರಿಸಿದ ನಿಂತ ಕತ್ತಿ. ಒಳ್ಳೇ ಗೀಳೇ. ಬೀಡಿ ಸೇದೋದಕ್ಕಿಂತ ವಾಸಿ. ಆದರೆ ದುಡ್ಡು ಹೋಗುತ್ತಿರೋದು ಎಲ್ಲಿಗೆ? ಹೊಳಪಿಗೆ. ಸಂತೆಯ ಮೂಲೆಯಲ್ಲಿ ಗೋಣಿ ಹಾಸಿ ಕೂತವನ ಹತ್ತಿರ, ಹಳ್ಳಿ ದಾರಿಯ ಕುಲುಮೆಯ ಹತ್ತಿರ ಅದಕ್ಕಿಂತ ಹತ್ತು ಪಾಲು ಗಟ್ಟಿ ಸರಕು ಇರಬಹುದು. ಅದನ್ನು ಆರಿಸೋದು ಹೇಗೆ ಅನ್ನೋದೇ ಇವತ್ತಿನ ವಿಚಾರ.

ಎರಡು ಕತ್ತಿ, ಎರಡು ಲೆಕ್ಕ

ಗೊತ್ತಿದ್ದವರು ಕ್ಷಮಿಸಬೇಕು, ಗೊತ್ತಿಲ್ಲದವರಿಗೆ ಎರಡು ಮಾತು. ಕೊಡವರ ಉಡುಪಿನಲ್ಲಿ ಕತ್ತಿ ಎರಡು. ಕುಪ್ಯದ ಮೇಲೆ ಕಟ್ಟುವ ರೇಷ್ಮೆ ಚೇಲೆಗೆ ಮುಂದುಗಡೆ ಸಿಕ್ಕಿಸೋದು ಪೀಚೆಕತ್ತಿ. ಅಲಗು ಗಿಡ್ಡ, ಬೆನ್ನು ದಪ್ಪ, ಬಾಯಿ ಒಂದೇ ಕಡೆ. ಮರದ ಒರೆ, ಅದರ ಮೇಲೆ ಬೆಳ್ಳಿಯ ಕಟ್ಟು, ಶ್ರೀಮಂತರಾದರೆ ಚಿನ್ನದ ಕುಸುರಿಯೂ ಉಂಟು. ಹಳೇ ಕತ್ತಿಗಳ ಸರಪಳಿಯಲ್ಲಿ ಚಿಮುಟ, ಕಿವಿ ಕಡ್ಡಿ, ಉಗುರು ಕೆರೆಯುವ ಸಲಕರಣೆ ನೇತಾಡುವುದೂ ಉಂಟು. ಅಂದರೆ ಯುದ್ಧಕ್ಕೂ ಸೈ, ಅಲಂಕಾರಕ್ಕೂ ಸೈ.

ಇನ್ನೊಂದು ಒಡಿಕತ್ತಿ. ಇದು ಬೆನ್ನ ಹಿಂದೆ, ತೊಡಂಗ್ ಎಂಬ ಹಿತ್ತಾಳೆ ಕೊಂಡಿಯಲ್ಲಿ, ಒರೆಯಿಲ್ಲದೆ ಬರಿ ಮೈಯಲ್ಲಿ ಕೂರುತ್ತೆ. ಅಗಲವಾದ ಅಲಗು, ಮುಂದಕ್ಕೆ ಬಾಗಿದ ಮೈ, ಬಾಯಿ ಒಳಬಾಗಿನ ಕಡೆ. ತೂಕವೆಲ್ಲ ತುದಿಯತ್ತ. ಮದುವೆಯಲ್ಲಿ ಬಾಳೆ ದಿಂಡು ಕಡಿಯುವ ಗೌರವ ಇದರದ್ದು. ಒಂದೇ ಏಟಿಗೆ ದಿಂಡು ಎರಡಾಗಬೇಕು. ಆಗದಿದ್ದರೆ ಚಪ್ಪರದಡಿ ಕೂತ ನೆಂಟರ ನಗೆ ಕೇಳಬೇಕು! ಸೆಪ್ಟೆಂಬರ್ ಮೊದಲ ವಾರದ ಕೈಲ್‌ಪೊಳ್ದಿನಲ್ಲಿ ಕೋವಿಯ ಜತೆ ಈ ಕತ್ತಿಗಳಿಗೂ ಪೂಜೆ.

ಇವೆರಡೇ ಸಂಗ್ರಹಕ್ಕೆ ಯೋಗ್ಯ ಅಂತಲ್ಲ. ಕಾಫಿ ತೋಟದ ಕಸಿಕತ್ತಿ, ಕಾಡುಗತ್ತಿ, ಬೆತ್ತ ಸೀಳುವ ಕತ್ತಿ, ಮೀನು ಕತ್ತಿ, ಅಡಿಗೆ ಮನೆಯ ಈಳಿಗೆ - ಒಂದೊಂದಕ್ಕೂ ಒಂದೊಂದು ಮೈಕಟ್ಟು. ಹೊಸದಾಗಿ ಶುರು ಮಾಡುವವನಿಗೆ ಈ ಕೆಲಸದ ಕತ್ತಿಗಳೇ ಒಳ್ಳೇದು ಅನ್ನೋದು ಈ ಅಂಕಣದ ಅಭಿಪ್ರಾಯ. ಯಾಕೆಂದರೆ ಪೀಚೆಕತ್ತಿಯಲ್ಲಿ ಬೆಳ್ಳಿ ಕಣ್ಣು ಕುಕ್ಕುತ್ತೆ. ತೋಟದ ಕತ್ತಿಯಲ್ಲಿ ಕಮ್ಮಾರನ ಕೈಯೊಂದೇ ಕಾಣೋದು. ಮರೆಮಾಚಲು ಜಾಗವೇ ಇಲ್ಲ.

ಕಬ್ಬಿಣ ಎಲ್ಲಿಯದು?

ಮೊದಲ ಪ್ರಶ್ನೆ ಇದೇ. ನಮ್ಮ ಕಡೆಯ ಬಹಳಷ್ಟು ಕುಲುಮೆಗಳ ತಾಯಿ ಕಬ್ಬಿಣ ಅಂದರೆ ಲಾರಿಯ ಪ್ಲೇಟು. ಅದೇ, ಚಕ್ರದ ಮೇಲಿನ ಲೀಫ್ ಸ್ಪ್ರಿಂಗ್. ನೀವು ದಿನಾ ಕೂತು ಬರುವ ಬಸ್ಸಿನಡಿ ಕಿರ್‍ರ್ ಅನ್ನುತ್ತಲ್ಲ, ಅದರ ಅಣ್ಣತಮ್ಮ. ಅದರಲ್ಲಿ ಇಂಗಾಲ ಸುಮಾರು ಅರ್ಧ ಪರ್ಸೆಂಟಿನಿಂದ 0.6 ಪರ್ಸೆಂಟಿನವರೆಗೆ. ಕಾಸಿ ಅದ್ದಿದರೆ ಗಟ್ಟಿಯಾಗುತ್ತೆ, ಬಗ್ಗಿಸಿದರೆ ತಿರುಗಿ ಎದ್ದು ನಿಲ್ಲುತ್ತೆ. ಹಳೇ ಅರದ ಕಬ್ಬಿಣ ಇನ್ನೂ ಗಟ್ಟಿ. ಅದರಲ್ಲಿ ಇಂಗಾಲ ಒಂದು ಪರ್ಸೆಂಟಿಗೂ ಮೇಲೆ. ಬಾಯಿ ಬಹಳ ಹೊತ್ತು ನಿಲ್ಲುತ್ತೆ, ಆದರೆ ಹದ ತಪ್ಪಿದರೆ ಗಾಜಿನ ಹಾಗೆ ಸಿಡಿಯುತ್ತೆ. ಸಣ್ಣ ಕತ್ತಿಗೆ ಅರ, ಹೊಡೆಯುವ ಕತ್ತಿಗೆ ಪ್ಲೇಟು - ಇದು ತಿಳಿದವರ ಲೆಕ್ಕ.

ಮನೆ ಕಟ್ಟುವ ಸರಳಿನಲ್ಲಿ, ಗೇಟಿನ ಪಟ್ಟಿಯಲ್ಲಿ ಕತ್ತಿ ಮಾಡಿ ಕೊಡುವವರೂ ಇದ್ದಾರೆ. ಮೆದು ಕಬ್ಬಿಣದಲ್ಲಿ ಇಂಗಾಲ ಕಾಲು ಪರ್ಸೆಂಟೂ ಇರೋದಿಲ್ಲ. ಸಾವಿರ ಸಲ ನೀರಿಗೆ ಅದ್ದಿದರೂ ಅದು ಬೇಕಾದಷ್ಟು ಗಟ್ಟಿಯಾಗೋದಿಲ್ಲ. ಪತ್ತೆ ಮಾಡೋದು ಹೇಗೆ? ಸಾಣೆ ಚಕ್ರಕ್ಕೆ ಹಿಡಿದಾಗ ಕಿಡಿ ನೋಡಿ. ಮೆದು ಕಬ್ಬಿಣದ ಕಿಡಿ ಉದ್ದುದ್ದ ಗೆರೆಯಾಗಿ ಹಾರುತ್ತೆ. ಇಂಗಾಲ ಹೆಚ್ಚಿದ ಉಕ್ಕಿನ ಕಿಡಿ ತುದಿಯಲ್ಲಿ ಕವಲೊಡೆದು ದೀಪಾವಳಿಯ ಸುರುಸುರು ಬತ್ತಿಯಂತೆ ಸಿಡಿಯುತ್ತೆ. ಖರ್ಚಿಲ್ಲದ ಪರೀಕ್ಷೆ, ಮಕ್ಕಳೂ ಕಲಿಯಬಹುದು.

ಹಳೇ ಪ್ಲೇಟಿನಲ್ಲಿ ಒಂದು ಅಪಾಯ ಉಂಟು. ಲಕ್ಷ ಸಲ ಗುಂಡಿಗೆ ಬಿದ್ದು ಎದ್ದ ಕಬ್ಬಿಣದಲ್ಲಿ ಕಣ್ಣಿಗೆ ಕಾಣದ ಸೀಳು ಇರಬಹುದು. ಬಲ್ಲ ಕಮ್ಮಾರ ಮುರಿದ ಜಾಗ ಬಿಟ್ಟು ಬೇರೆ ತುಂಡು ಆರಿಸುತ್ತಾನೆ. ಅದನ್ನೇ ಕೇಳಿ. "ಪ್ಲೇಟು ಮುರಿದದ್ದೋ, ಇಡೀದೋ?" ಅಂತ. ಈ ಪ್ರಶ್ನೆ ಕೇಳಿದ ಗಿರಾಕಿಯ ಕಡೆ ಅವನು ತಲೆಯೆತ್ತಿ ನೋಡುತ್ತಾನೆ. ಅಲ್ಲಿಂದ ಮಾತು ಬೇರೆ ಥರಾ ಶುರುವಾಗುತ್ತೆ.

ಕನ್ನಡದವರು ಉಕ್ಕಿನ ಮಾತಿಗೆ ನಾಚಬೇಕಾದ್ದೇ ಇಲ್ಲ. ಜಗತ್ತೆಲ್ಲ 'ವೂಟ್ಸ್' ಅಂತ ಕರೆಯುವ ಮೂಸೆ ಉಕ್ಕಿನ ಹೆಸರು ನಮ್ಮ 'ಉಕ್ಕು' ಪದದಿಂದಲೇ ಹೋದದ್ದು ಎಂದು ಬಹಳ ಪಂಡಿತರು ಹೇಳುತ್ತಾರೆ. 1800-01ರಲ್ಲಿ ಮೈಸೂರು ಸೀಮೆ ಸುತ್ತಿದ ಬುಕನನ್ ಸಾಹೇಬ ಮಣ್ಣಿನ ಮೂಸೆಯಲ್ಲಿ ಉಕ್ಕು ಮಾಡುವ ಕ್ರಮವನ್ನು ಇಲ್ಲಿ ಕಂಡು ಬರೆದಿಟ್ಟಿದ್ದಾನೆ. ಅಲ್ಲೂ ಅಷ್ಟೇ, ಕ್ರಮ ಉಳಿಯಿತು, ಕೈಯ ಹೆಸರು ಉಳಿಯಲಿಲ್ಲ!

ಹದವೇ ಕತ್ತಿಯ ಪ್ರಾಣ

ಬಡಿದು ಆಕಾರ ಕೊಡೋದು ಅರ್ಧ ಕೆಲಸ. ಇನ್ನರ್ಧ ಹದ. ಕತ್ತಿಯನ್ನು ಇದ್ದಿಲ ಬೆಂಕಿಯಲ್ಲಿ ಕೆಂಪಗೆ ಕಾಸುತ್ತಾರೆ. ಸುಮಾರು 770 ಡಿಗ್ರಿ ದಾಟಿದರೆ ಅಯಸ್ಕಾಂತ ಅದನ್ನು ಹಿಡಿಯೋದಿಲ್ಲ. ಅದಕ್ಕಿಂತ ಸ್ವಲ್ಪ ಮೇಲೆ ಹೋದಾಗ ಎಣ್ಣೆಗೋ ನೀರಿಗೋ ಅದ್ದುತ್ತಾರೆ. ಚುಂಯ್! ಆ ಹೊತ್ತಿಗೆ ಅಲಗು ಕಲ್ಲಿನಷ್ಟು ಗಟ್ಟಿ, ಗಾಜಿನಷ್ಟು ಪುಕ್ಕಲು. ಅದಕ್ಕೇ ಮತ್ತೆ ಮೆಲ್ಲಗೆ ಬಿಸಿ ತೋರಿಸಿ ಗಡಸು ಇಳಿಸಬೇಕು. ಉಜ್ಜಿದ ಅಲಗಿನ ಮೇಲೆ ಬಣ್ಣ ಓಡುತ್ತೆ: ಮೊದಲು ಒಣಹುಲ್ಲಿನ ಹಳದಿ, ಆಮೇಲೆ ಕಂದು, ನೇರಳೆ, ಕೊನೆಗೆ ನೀಲಿ. ಹುಲ್ಲಿನ ಬಣ್ಣ ಅಂದರೆ 220 ಡಿಗ್ರಿ ಆಸುಪಾಸು, ನೀಲಿ ಅಂದರೆ 300ರ ಹತ್ತಿರ. ಸಣ್ಣ ಕತ್ತಿಗೆ ಹುಲ್ಲಿನ ಬಣ್ಣದಲ್ಲಿ ನಿಲ್ಲಿಸಿದರೆ ಬಾಯಿ ನಿಲ್ಲುತ್ತೆ. ದಿಂಡು, ಕೊಂಬೆ ಹೊಡೆಯುವ ದೊಡ್ಡ ಕತ್ತಿಗೆ ನೇರಳೆ-ನೀಲಿಯವರೆಗೆ ಬಿಟ್ಟರೆ ಬಾಯಿ ಉದುರೋದಿಲ್ಲ.

ಥರ್ಮಾಮೀಟರು ಇಲ್ಲ, ಮಿಷನ್ನು ಇಲ್ಲ. ಕಣ್ಣೇ ಥರ್ಮಾಮೀಟರು. ಅದಕ್ಕೇ ಕುಲುಮೆ ಮನೆಯಲ್ಲಿ ಕತ್ತಲು, ಬಣ್ಣ ಕಾಣಬೇಕಲ್ಲ! ಈ ವಿದ್ಯೆ ಪುಸ್ತಕದಲ್ಲಿ ಸಿಕ್ಕೋದಿಲ್ಲ, ತಿದಿ ಒತ್ತುತ್ತಾ ಕೂತ ಮಗನ ಕಣ್ಣಿಗೆ ಇಳಿಯಬೇಕು. ಮಗ ಮೈಸೂರಿಗೆ ಡ್ರೈವರ್ ಕೆಲಸಕ್ಕೆ ಹೋದರೆ ಅಪ್ಪನ ಜತೆಗೇ ಆ ಬಣ್ಣವೂ ಹೋಯಿತು.

ಸಂತೆಯಲ್ಲೇ ಮಾಡಬಹುದಾದ ಪರೀಕ್ಷೆಗಳು

ಶುಕ್ರವಾರದ ಮಡಿಕೇರಿ ಸಂತೆ ಇರಲಿ, ಹೆಸರಲ್ಲೇ ವಾರ ಹೊತ್ತ ಶನಿವಾರಸಂತೆ ಇರಲಿ, ಬಸ್ಸಿಗೆ ಇನ್ನು ಅರ್ಧ ಗಂಟೆ ಇದೆ ಅನ್ನಿ. ಅಷ್ಟು ಸಾಕು.

ಒಂದು: ಕತ್ತಿಯ ಬೆನ್ನನ್ನು ಕಣ್ಣಿನ ನೇರಕ್ಕೆ ಹಿಡಿದು ಬೆಳಕಿನ ಕಡೆ ನೋಡಿ. ಬಂದೂಕಿನ ಗುರಿ ಹಿಡಿದ ಹಾಗೆ. ಡೊಂಕಿದ್ದರೆ ಅದ್ದುವಾಗ ತಿರುಚಿದೆ ಅಂತ ಅರ್ಥ. ಬೇಕೆಂದೇ ಬಾಗಿಸಿದ ಮೈ ಬೇರೆ, ತಿರುಚಿದ ಮೈ ಬೇರೆ.

ಎರಡು: ಹಿಡಿಯನ್ನು ಸಡಿಲವಾಗಿ ಹಿಡಿದು ಅಲಗಿಗೆ ಬೆರಳ ಗೆಣ್ಣಿನಿಂದ ತಟ್ಟಿ. ಟಿಣ್ ಅಂದರೆ ಸರಿ. ಒಡಕು ಮಡಕೆಯ ಸದ್ದು ಬಂದರೆ ಎಲ್ಲೋ ಸೀಳಿದೆ, ಇಲ್ಲಾ ಹಿಡಿ ಸಡಿಲ.

ಮೂರು: ಒಂದು ಹೊಸ ಸಣ್ಣ ಅರ ಜೇಬಿನಲ್ಲಿರಲಿ. ಮಾಡಿದವನ ಅಪ್ಪಣೆ ಕೇಳಿ ಬಾಯಿಯ ಬುಡದಲ್ಲಿ ಒಂದೇ ಸಲ ಮೆಲ್ಲಗೆ ಎಳೆಯಿರಿ. ಬೆಣ್ಣೆ ಕೆರೆದ ಹಾಗೆ ಕಚ್ಚಿದರೆ ಹದವಿಲ್ಲ. ಜಾರಿಯೂ ಜಾರದ ಹಾಗೆ, ಕಚ್ಚಿಯೂ ಕಚ್ಚದ ಹಾಗೆ ಆದರೆ ಹದ ಬಂದಿದೆ. ಬೆನ್ನಿನ ಮೇಲೆ ಎಳೆದಾಗ ಬಾಯಿಗಿಂತ ಮೆತ್ತಗಿದ್ದರೆ ಇನ್ನೂ ಸಂತೋಷ. ಬೆನ್ನು ಮೆದು, ಬಾಯಿ ಗಟ್ಟಿ ಮಾಡಿದವನು ಹುಡುಗಾಟದ ಆಳಲ್ಲ.

ನಾಲ್ಕು: ಬಾಯಿಯ ಅಂಚಿನಲ್ಲಿ ನೀಲಿ ಕಲೆ ಇದೆಯೇ ನೋಡಿ. ಇದು ಹದದ ನೀಲಿ ಅಲ್ಲ. ಕರೆಂಟಿನ ಚಕ್ರಕ್ಕೆ ಒತ್ತಿ ಹಿಡಿದು ಸುಟ್ಟ ನೀಲಿ. ಅಷ್ಟು ಜಾಗದ ಹದ ಹೋಯಿತು ಅಂತಲೇ ಲೆಕ್ಕ. ಪೇಟೆಯ ಹೊಳಪು ಸರಕಿನಲ್ಲಿ ಈ ಕಲೆಯನ್ನು ಪಾಲಿಷ್ ಹಾಕಿ ಅಳಿಸಿರುತ್ತಾರೆ, ಆಗ ಮೂರನೇ ಪರೀಕ್ಷೆಯೇ ಗತಿ.

ಐದು: ಬಾಲ ಎಷ್ಟುದ್ದ ಅಂತ ಕೇಳಿ. ಹಿಡಿಯ ಅರ್ಧಕ್ಕೂ ಬಾರದ ಬಾಲಕ್ಕೆ ಅರಗು ತುಂಬಿ ಕೂರಿಸಿದ್ದರೆ ಗೋಡೆಗೆ ನೇತುಹಾಕಬಹುದು, ಕೈಗೆ ಕೊಡಬಾರದು. ಹಿಡಿಯ ತುದಿಯಲ್ಲಿ ಬಾಲ ಹೊರಬಂದು ಮಡಿದಿದ್ದರೆ, ಇಲ್ಲವೇ ಎರಡು ಮೂರು ಮೊಳೆ ಅಡ್ಡಕ್ಕೆ ಹೊಡೆದಿದ್ದರೆ ನಂಬಬಹುದು. ಹಿಡಿಯನ್ನೂ ಅಲಗನ್ನೂ ಹಿಡಿದು ಮೆಲ್ಲಗೆ ತಿರುವಿ. ಕಿಚಕ್ ಅಂದರೆ ಕೆಳಗಿಡಿ.

ಆರು: ನೋಡಿ ಮುಗಿದ ಮೇಲೆ ಈ ಸಂಜೆ ಪತ್ರಿಕೆಯನ್ನೇ ಗಾಳಿಯಲ್ಲಿ ಹಿಡಿದು ಕತ್ತರಿಸಿ. ಓದಿ ಆದಮೇಲೆ, ನೆನಪಿರಲಿ! ಹರಿಯದೆ ಸೀಳಬೇಕು. ಆಮೇಲೆ ಬಿದಿರಿನ ಒಣ ತುಂಡಿಗೆ ನಾಲ್ಕು ಏಟು ಹಾಕಿ ಮತ್ತೆ ಪತ್ರಿಕೆ ಕತ್ತರಿಸಿ. ಎರಡನೇ ಸಲವೂ ಸೀಳಿದರೆ ಬಾಯಿ ಮಡಚಿಲ್ಲ, ಉದುರಿಲ್ಲ. ಮೊದಲನೇ ಸಲ ಯಾವ ಕತ್ತಿಯಾದರೂ ಕತ್ತರಿಸೀತು. ಗುಟ್ಟು ಇರೋದು ಎರಡನೇ ಸಲದಲ್ಲಿ.

ಸುತ್ತಿಗೆ ಗುರುತು, ಕಪ್ಪು ಪೊರೆ, ಸ್ವಲ್ಪ ಏರುತಗ್ಗು - ಇವನ್ನು ದೋಷ ಅನ್ನಬೇಡಿ. ಅದು ಕೈಯ ಸಹಿ. ದೋಷ ಅಂದರೆ ಸೀಳು, ಡೊಂಕು, ಸಡಿಲ ಹಿಡಿ, ಹದವಿಲ್ಲದ ಬಾಯಿ. ಈ ನಾಲ್ಕು ಇಲ್ಲದಿದ್ದರೆ ಅಂದಗೇಡಿ ಕತ್ತಿಯೂ ಒಳ್ಳೇ ಕತ್ತಿ.

ಹೆಸರಿಲ್ಲದವನನ್ನು ಪರೀಕ್ಷೆಯಿಂದ ಅಳೆಯೋದು ನಮ್ಮಲ್ಲಿ ಮಾತ್ರ ಅಂದುಕೊಳ್ಳಬೇಡಿ. ಅಮೆರಿಕದಲ್ಲಿ 1976ರಲ್ಲಿ ಕತ್ತಿ ಕಮ್ಮಾರರ ಒಂದು ಸಂಘ ಹುಟ್ಟಿತು. ಅಲ್ಲಿ ಹೊಸಬ ಪರೀಕ್ಷೆಗೆ ತಂದ ಕತ್ತಿ ನೇತುಹಾಕಿದ ಒಂದು ಇಂಚು ದಪ್ಪದ ಹಗ್ಗವನ್ನು ಒಂದೇ ಬೀಸಿಗೆ ಕತ್ತರಿಸಬೇಕು, ಮರದ ರೀಪರು ಕಡಿಯಬೇಕು, ಆಮೇಲೂ ತೋಳಿನ ಕೂದಲು ಬೋಳಿಸಬೇಕು. ಕೊನೆಗೆ ವೈಸಿನಲ್ಲಿ ಸಿಕ್ಕಿಸಿ 90 ಡಿಗ್ರಿ ಬಗ್ಗಿಸುತ್ತಾರೆ, ಎರಡು ತುಂಡಾಗಬಾರದು. ಪಾಸಾದವನು ತನ್ನ ಗುರುತು ಒತ್ತಿ ತಲೆಯೆತ್ತಿ ಮಾರುತ್ತಾನೆ. ನಮ್ಮ ಬಾಳೆ ದಿಂಡಿನ ಏಟೂ ಅದೇ ಪರೀಕ್ಷೆ ಅಲ್ಲವೇ? ವ್ಯತ್ಯಾಸ ಇಷ್ಟೆ, ಅಲ್ಲಿ ಪಾಸಾದದ್ದು ಕಮ್ಮಾರ, ಇಲ್ಲಿ ಪಾಸಾಗೋದು ಕತ್ತಿ ಬೀಸಿದವರು!

ಬೆಳ್ಳಿಯ ಲೆಕ್ಕ ಬೇರೆ ಇಡಿ

ಪೀಚೆಕತ್ತಿ ಕೊಳ್ಳುವವರಿಗೆ ಮುಖ್ಯ ಮಾತು. ಒರೆಯ ಬೆಳ್ಳಿಯನ್ನು ತೂಕ ಮಾಡಿಸಿ, ಅದಕ್ಕೆ ಬೇರೆ ಬಿಲ್ಲು ಕೇಳಿ. 925 ಎಂದು ಒತ್ತಿದ್ದರೆ ಸಾವಿರಕ್ಕೆ 925 ಪಾಲು ಬೆಳ್ಳಿ. 'ಜರ್ಮನ್ ಸಿಲ್ವರ್' ಅಂದರೆ ಮಾತ್ರ ಮೋಸ ಹೋಗಬೇಡಿ. ಅದರಲ್ಲಿರೋದು ತಾಮ್ರ, ಸತು, ನಿಕ್ಕಲ್, ಬೆಳ್ಳಿ ಸೊನ್ನೆ. ಅದನ್ನು ಮಾರೋದು ತಪ್ಪಲ್ಲ, ಬೆಳ್ಳಿ ಅಂತ ಹೇಳಿ ಮಾರೋದು ತಪ್ಪು.

ಬೆಳ್ಳಿಯ ಲೆಕ್ಕ ಕಳೆದ ಮೇಲೆ ಉಳಿದದ್ದು ಅಲಗಿನ ಬೆಲೆ. ಆ ಉಳಿದ ಅಂಕಿ ನೋಡಿದರೆ ಎಷ್ಟೋ ಸಲ ನಗು ಬರುತ್ತೆ. ಕತ್ತಿ ಅಂತ ಕೊಂಡದ್ದು ಡಬ್ಬಿ ಆಗಿರುತ್ತೆ, ಒಳಗೆ ಸ್ಟೀಲು ತಗಡು ಇರುತ್ತೆ. ಮನೆಯ ಗೋಡೆಗೆ ಅದೇ ಬೇಕು ಅನ್ನೋರಿಗೆ ಬೇಡ ಅನ್ನೋಕೆ ನಾವ್ಯಾರು? ಆದರೆ ಅದನ್ನು 'ಕೈಕತ್ತಿ ಸಂಗ್ರಹ' ಅನ್ನಬೇಡಿ.

ಉಪಾಯ ಒಂದಿದೆ. ಮೊದಲು ಕಮ್ಮಾರನ ಹತ್ತಿರ ಅಲಗು ಮಾಡಿಸಿ. ಪರೀಕ್ಷೆ ಮಾಡಿ. ಒಪ್ಪಿಗೆಯಾದರೆ ಆ ಅಲಗನ್ನು ಅಕ್ಕಸಾಲಿಯ ಹತ್ತಿರ ಒಯ್ದು ಒರೆ ಕಟ್ಟಿಸಿ. ಹಳೆಯವರು ಮಾಡುತ್ತಿದ್ದದ್ದೂ ಹೀಗೆ ಎರಡು ಕೈಗಳ ಕೆಲಸವೇ. ಕೈಲ್‌ಪೊಳ್ದ್, ಆಯುಧಪೂಜೆ ಹತ್ತಿರ ಬಂದಾಗ ಓಡಬೇಡಿ. ಮಸೆಯಲು ಬಂದ ಕತ್ತಿಗಳ ರಾಶಿಯ ನಡುವೆ ನಿಮ್ಮದು ಅವಸರದ ಕೆಲಸವಾಗುತ್ತೆ.

ಹಿಡಿಯ ಹಿಂದೆ ಕಾನೂನು

ಇದು ಬೇಜಾರಿನ ಭಾಗ. ಆದರೂ ಓದಿ, ಓದದವರೇ ಠಾಣೆ ಮೆಟ್ಟಿಲು ಹತ್ತೋದು.

ಕಡವೆ ಕೊಂಬಿನ ಹಿಡಿ, ದಂತದ ಹಿಡಿ ಅಂತ ಯಾರಾದರೂ ಕಿವಿಯಲ್ಲಿ ಪಿಸುಗುಟ್ಟಿದರೆ ಕೈಮುಗಿದು ಹೊರಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಿಡೋದಿಲ್ಲ. 2023ರ ಅಕ್ಟೋಬರಿನಲ್ಲಿ ಹುಲಿ ಉಗುರಿನ ಪದಕದ ಮೇಲೆ ರಾಜ್ಯದಲ್ಲಿ ಎದ್ದ ಗದ್ದಲ ನೆನಪಿದೆಯಲ್ಲ? 'ತಾತನ ಕಾಲದ್ದು' ಅನ್ನೋ ಮಾತು ರಕ್ಷಣೆಗೆ ಬರೋದಿಲ್ಲ. ಎಮ್ಮೆ ಕೊಂಬಿದೆ, ಹಲಸಿದೆ, ಕಾಫಿ ಗಿಡದ ಗಂಟಿದೆ. ಬೀಟೆ ಹಿಡಿಯಾದರೆ ಮರ ಎಲ್ಲಿಯದು ಅಂತ ಕೇಳಿಕೊಳ್ಳಿ.

ಅಳತೆಯ ವಿಚಾರ. ಅಲಗು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಇದ್ದು, ಮನೆಗೆಲಸಕ್ಕೋ ಕೃಷಿಗೋ ಕೈಗಾರಿಕೆಗೋ ಮಾಡಿದ್ದಲ್ಲದಿದ್ದರೆ ಅದು ಆಯುಧ ನಿಯಮಗಳ ಪಟ್ಟಿಗೆ ಬರುತ್ತೆ. ಸರ್ಕಾರ ಅಧಿಸೂಚನೆ ಹೊರಡಿಸಿದ ಪ್ರದೇಶಗಳಲ್ಲಿ ಅಂಥದ್ದಕ್ಕೆ ಲೈಸೆನ್ಸು ಬೇಕು. ಒಡಿಕತ್ತಿಯಂಥ ದೊಡ್ಡ ಕತ್ತಿ ಕೊಳ್ಳುವ ಮುಂಚೆ ನಿಮ್ಮೂರಿನ ಸ್ಥಿತಿ ಏನು ಅಂತ ಠಾಣೆಯಲ್ಲಿ ವಿಚಾರಿಸಿದರೆ ನಷ್ಟವಿಲ್ಲ. ಬಿಲ್ಲು ಇಟ್ಟುಕೊಳ್ಳಿ.

"ಕೊಡಗಿಗೆ ವಿನಾಯಿತಿ ಇದೆಯಲ್ಲ?" ಅಂತ ಹೊರ ಊರಿನವರು ಕೇಳುತ್ತಾರೆ. ಆ ವಿನಾಯಿತಿ ಇರೋದು ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ, ಮುಖ್ಯವಾಗಿ ಕೋವಿಯ ವಿಚಾರದಲ್ಲಿ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು, 2021ರಲ್ಲಿ ಹೈಕೋರ್ಟು ಎತ್ತಿ ಹಿಡಿಯಿತು. ಬೆಂಗಳೂರಿನ ಸಂಗ್ರಾಹಕ ಅದನ್ನು ತನ್ನ ಜೇಬಿಗೆ ಹಾಕಿಕೊಳ್ಳುವಂತಿಲ್ಲ.

ನೂರು ವರ್ಷ ದಾಟಿದ ಕತ್ತಿ ಸಿಕ್ಕಿತೇ? ಅದೃಷ್ಟ. ಆದರೆ 1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ ಅದನ್ನು ದುಬೈಯಲ್ಲಿರುವ ಭಾವನಿಗೆ ಅಂತ ದೇಶದಾಚೆ ಕಳಿಸುವ ಹಾಗಿಲ್ಲ. ಇನ್ನು ಬಸ್ಸಿನ ಮಾತು. ಒರೆಯಲ್ಲಿ ಹಾಕಿ, ಬಟ್ಟೆ ಸುತ್ತಿ, ದಾರ ಕಟ್ಟಿ, ಚೀಲದ ತಳದಲ್ಲಿಡಿ. ಪಕ್ಕದ ಸೀಟಿನವರಿಗೆ ತೆಗೆದು ತೋರಿಸುವ ಶೋಕಿ ಬೇಡ. ನಿಷೇಧಾಜ್ಞೆ ಇರುವ ದಿನ ಮನೆಯಿಂದ ಹೊರಗೇ ತರಬೇಡಿ.

ಮಳೆಗಾಲದ ಶತ್ರು

ವರ್ಷಕ್ಕೆ 120 ಇಂಚು ಮಳೆ ದಾಟುವ ಮಡಿಕೇರಿಯಲ್ಲಿ ಕತ್ತಿಗೆ ಕಳ್ಳನ ಭಯಕ್ಕಿಂತ ತುಕ್ಕಿನ ಭಯ ಹೆಚ್ಚು. ಚರ್ಮದ ಒರೆಯಲ್ಲಿ ವರ್ಷಗಟ್ಟಲೆ ಇಡಬೇಡಿ, ಚರ್ಮ ತೇವ ಹೀರುತ್ತೆ, ಹದ ಮಾಡಿದ ದ್ರಾವಕ ಕಬ್ಬಿಣ ತಿನ್ನುತ್ತೆ. ಒರೆಯಿಂದ ಹೊರಗಿಟ್ಟು, ತೆಳುವಾಗಿ ಎಣ್ಣೆ ಸವರಿ, ಒಣ ಬಟ್ಟೆಯಲ್ಲಿ ಸುತ್ತಿ. ತೆಂಗಿನೆಣ್ಣೆ ಕೈಗೆ ಸಿಗುತ್ತೆ ನಿಜ, ಆದರೆ ಕ್ರಮೇಣ ಜಿಗುಟಾಗುತ್ತೆ. ಹೊಲಿಗೆ ಮಿಷನ್ನಿನ ಎಣ್ಣೆ ವಾಸಿ. ಒಲೆಯಿಂದ ದೂರ, ಮಕ್ಕಳ ಕೈಯಿಂದ ಇನ್ನೂ ದೂರ.

ಹಳೇ ಕತ್ತಿಗೆ ಮರಳು ಕಾಗದ ಹಾಕಿ ಹೊಳಪು ಬರಿಸುವ ಪುಣ್ಯಾತ್ಮರಿದ್ದಾರೆ. ಕೈ ಕಟ್ಟಿಕೊಳ್ಳಿ ಸ್ವಾಮೀ! ಕೆಂಪು ತುಕ್ಕು ತೆಗೆಯಿರಿ. ಬೂದು-ಕಪ್ಪು ಮೈ ಬಣ್ಣ ಬಿಡಿ, ಅದೇ ಅದರ ವಯಸ್ಸಿನ ಸಾಕ್ಷಿ. ಒಡಿಕತ್ತಿಯ ಒಳಬಾಗಿದ ಬಾಯನ್ನು ಚಪ್ಪಟೆ ಸಾಣೆಕಲ್ಲಿಗೆ ಕೊಟ್ಟು ಆಕಾರ ಕೆಡಿಸಬೇಡಿ, ದುಂಡು ಕಲ್ಲೇ ಬೇಕು.

ಹೆಸರು ಬರೆಯಿರಿ

ಈಗ ಮುಖ್ಯ ಮಾತಿಗೆ ಬರೋಣ. ಐವತ್ತು ಊರಿನ ಐವತ್ತು ಕತ್ತಿ ಸೇರಿಸುವ ಆಸೆ ಬೇಡ. ನಿಮ್ಮ ಬಸ್ಸಿನ ದಾರಿಯಲ್ಲಿ ಬರುವ ಮೂರೋ ನಾಲ್ಕೋ ಕುಲುಮೆ ಆರಿಸಿಕೊಳ್ಳಿ. ಐರಿಯವರದಿರಲಿ, ವಿಶ್ವಕರ್ಮರದಿರಲಿ, ಬೇರೆ ಯಾರದೇ ಇರಲಿ. ಒಬ್ಬೊಬ್ಬರ ಹತ್ತಿರ ಒಂದೇ ಜಾತಿಯ ಕತ್ತಿ ಮಾಡಿಸಿ. ನಾಲ್ಕನ್ನೂ ಪಕ್ಕಪಕ್ಕ ಇಟ್ಟಾಗ ಗೊತ್ತಾಗುತ್ತೆ, ಒಬ್ಬನ ಬೆನ್ನು ಹೇಗೆ ಇಳಿಯುತ್ತೆ, ಇನ್ನೊಬ್ಬನ ಹಿಡಿ ಹೇಗೆ ಕೂರುತ್ತೆ ಅಂತ. ಆಗ ನೀವು ಕೊಂಡದ್ದು ಕಬ್ಬಿಣವಲ್ಲ, ಕೈಬರಹ.

ಒಂದು ನೋಟುಬುಕ್ಕು ಮಾಡಿ. ಮಾಡಿದವರ ಹೆಸರು, ಊರು, ತಾರೀಕು, ಕಬ್ಬಿಣ ಎಲ್ಲಿಯದು, ಹಿಡಿಯ ಮರ ಯಾವುದು, ತೂಕ ಎಷ್ಟು, ಕೊಟ್ಟ ದುಡ್ಡೆಷ್ಟು. ಹಾರ್ಡ್‌ವೇರ್ ಅಂಗಡಿಯಲ್ಲಿ ಅಕ್ಷರ ಒತ್ತುವ ಉಳಿ ಸಿಗುತ್ತೆ. ಅದನ್ನು ಒಯ್ದು ಕೊಟ್ಟು, "ನಿಮ್ಮ ಹೆಸರಿನ ಮೊದಲಕ್ಷರ ಬೆನ್ನಿನ ಬುಡದಲ್ಲಿ ಒತ್ತಿ" ಅಂತ ಕೇಳಿ. ಹದ ಹಾಕುವ ಮುಂಚೆ ಒತ್ತಬೇಕು, ಆಮೇಲೆ ಒತ್ತಲಾಗದು. "ನಮ್ಮ ಹೆಸರು ಯಾಕೆ ಸಾರ್" ಅಂತ ಅವರು ಸಂಕೋಚಪಟ್ಟರೆ ಬಿಡಬೇಡಿ. ಚೌಕಾಸಿ ಕಡಮೆ ಮಾಡಿ. ಒಂದು ಕತ್ತಿಗೆ ಅವರ ಇಡೀ ದಿನ, ಒಂದು ಚೀಲ ಇದ್ದಿಲು ಹೋಗುತ್ತೆ ಅನ್ನೋದು ಲೆಕ್ಕದಲ್ಲಿರಲಿ.

ಅಂಗಡಿ ಮಾಲೀಕರಿಗೂ ಒಂದು ವಿನಂತಿ. ಕತ್ತಿಗೆ ಕಟ್ಟುವ ಚೀಟಿಯಲ್ಲಿ ಬೆಲೆಯ ಮೇಲೆ ಒಂದು ಗೆರೆ ಬಿಡಿ. ಅಲ್ಲಿ ಮಾಡಿದವರ ಹೆಸರು, ಊರು ಬರೆಯಿರಿ. ಗಿರಾಕಿ ನೇರ ಅಲ್ಲಿಗೇ ಹೋಗಿಬಿಟ್ಟರೆ ವ್ಯಾಪಾರ ಹೋಗುತ್ತಲ್ಲ ಅಂತೀರಾ? ಹೋಗುವವರು ನೂರಕ್ಕೆ ಇಬ್ಬರು. ಉಳಿದವರು ಹೆಸರಿರುವ ಸರಕಿಗೆ ಹೆಸರಿಲ್ಲದ್ದಕ್ಕಿಂತ ನಾಲ್ಕು ಕಾಸು ಹೆಚ್ಚು ಕೊಡುತ್ತಾರೆ. ಕಾಫಿಗೆ ತೋಟದ ಹೆಸರು ಹಾಕಿ ಮಾರೋದನ್ನು ನಿಮಗೆ ನಾವು ಹೇಳಿಕೊಡಬೇಕೇ? ಕುಲುಮೆಯ ಮಗನಿಗೆ ಅಪ್ಪನ ಹೆಸರು ಪೇಟೆಯ ಗಾಜಿನ ಕಪಾಟಿನಲ್ಲಿ ಕಂಡರೆ, ಡ್ರೈವರ್ ಕೆಲಸಕ್ಕೆ ಹೊರಡುವ ಮುಂಚೆ ಒಂದು ಸಲ ತಿರುಗಿ ನೋಡಿಯಾನು.

ಈ ವಾರದ ಸಂತೆಗೆ ಹೋದಾಗ ಅರ ಒಂದು ಜೇಬಿನಲ್ಲಿರಲಿ, ಪೆನ್ನು ಇನ್ನೊಂದು ಜೇಬಿನಲ್ಲಿರಲಿ. ಅರ ಕತ್ತಿಯ ಹದ ಹೇಳುತ್ತೆ. ಪೆನ್ನು ಅದನ್ನು ಮಾಡಿದವನ ಹೆಸರು ಉಳಿಸುತ್ತೆ.